ದೊಡ್ಡಮ್ಮನ ಫೋನು ತುಂಬಿದೆ

ಪ್ರೀತಿಯ ದೊಡ್ಡಮ್ಮ,

ನಿನ್ನ ಫೋನಿಗೆ ಮೆಸೇಜು ಬಾರದಿರುವುದಕ್ಕೆ ಏನು ಮಾಡಬೇಕೆಂದು ಫೋನಿನಲ್ಲೇ ಹೇಳೋಣವೆಂದರೆ ನೀನು ಗುಂಡಿ ಒತ್ತಲು ಫೋನನ್ನು ಕಿವಿಯಿಂದ ತೆಗೆಯಬೇಕು, ಆಗ ನನ್ನ ಮಾತು ಕೇಳುವುದಿಲ್ಲ. ಅದಕ್ಕೇ ಕಾಗದ. ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು, ಇದನ್ನು ಎದುರಿಗಿಟ್ಟುಕೊಂಡು ನಿಧಾನವಾಗಿ ಮಾಡು.

"ಮೆಸೇಜು ಬರದಿದ್ದರೆ ಹಾಳಾಗಿ ಹೋಗಲಿ, ಬ್ಯಾಂಕಿಗೆ ನಿನ್ನ ನಂಬರೇ ಕೊಟ್ಟುಬಿಡ್ತೀನಿ" ಅಂದೆಯಲ್ಲ, ಅದು ಮಾತ್ರ ಬೇಡ. ದೊಡ್ಡಪ್ಪನ ಪೆನ್ಶನ್ನು ಬೀಳುವ ಖಾತೆ ಅದು. ಒಟಿಪಿ ಯಾರ ಫೋನಿಗೆ ಬರುತ್ತದೋ ಖಾತೆಯ ಬೀಗದಕೈ ಅವರ ಸೊಂಟದಲ್ಲಿ ಇದ್ದಂತೆ. ಇವತ್ತು ನಾನು ಒಳ್ಳೆಯವಳೇ ಇರಬಹುದು. ಆದರೂ ನಿನ್ನ ದುಡ್ಡು ಬಂದದ್ದು, ಹೋದದ್ದು ಮೊದಲು ನನಗೆ ಗೊತ್ತಾಗಿ, ನಾನು ಹೇಳಿದಾಗ ನಿನಗೆ ಗೊತ್ತಾಗುವುದು ಸರಿಯಲ್ಲ. ನಮ್ಮ ಮನೆಯ ಹೆಂಗಸರು ಲೆಕ್ಕ ಕೇಳಿ ಕೇಳಿ ಸುಸ್ತಾದದ್ದು ಸಾಕು.

ಈಗ ಫೋನಿನ ವಿಷಯ. ಕಾಲ್ ಬರುತ್ತಿದೆ, ಹೋಗುತ್ತಿದೆ. ಅಂದರೆ ಸಿಮ್ಮು ಜೀವಂತವಾಗಿದೆ, ರೀಚಾರ್ಜೂ ಮುಗಿದಿಲ್ಲ. ಬ್ಯಾಂಕಿನದು ಮಾತ್ರ ಬಾರದಿದ್ದರೆ ಅಲ್ಲಿ ನಿನ್ನ ನಂಬರು ತಪ್ಪಾಗಿ ಬರೆದಿರಬಹುದು ಎನ್ನಬಹುದಿತ್ತು. ನಾನು ಹಾಕಿದ ಹಬ್ಬದ ಮೆಸೇಜೂ ಬಂದಿಲ್ಲ, ಸಿಲಿಂಡರ್ ತರುವ ಹುಡುಗ ಕೇಳುವ ನಂಬರೂ ಬಂದಿಲ್ಲ. ಯಾರದೂ ಬರುತ್ತಿಲ್ಲವಾದ್ದರಿಂದ ನನ್ನ ಅನುಮಾನ ಫೋನಿನ ಮೇಲೆಯೇ: ಅದರ ಹೊಟ್ಟೆ ತುಂಬಿದೆ. ಪರದೆಯ ಮೇಲ್ಗಡೆ ಪುಟ್ಟ ಲಕೋಟೆಯ ಗುರುತು ಮಿನುಗುತ್ತಿದೆಯಾ ನೋಡು. ಮಿನುಗುತ್ತಿದ್ದರೆ ಅನುಮಾನವೇ ಬೇಡ.

ಕೀಪ್ಯಾಡ್ ಫೋನಿನಲ್ಲಿ ಮೆಸೇಜಿಗೆ ಇರುವ ಜಾಗ ಅಷ್ಟಕ್ಕಷ್ಟೆ, ಸಿಮ್ಮಿನಲ್ಲಂತೂ ಇನ್ನೂ ಕಡಿಮೆ. ಅದರಲ್ಲೂ ಕನ್ನಡದ ಮೆಸೇಜು ಹೆಚ್ಚು ಜಾಗ ತಿನ್ನುತ್ತದೆ. ಇಂಗ್ಲಿಷಾದರೆ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಆ ಎಪ್ಪತ್ತರಲ್ಲಿ ಕೊಂಬು, ಒತ್ತು ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. 'ದೊಡ್ಡಮ್ಮ' ಅಂತ ಕರೆಯುವಷ್ಟರಲ್ಲೇ ಎಂಟು ಖರ್ಚು! ಅದಕ್ಕೇ ಉದ್ದದ ಕನ್ನಡ ಮೆಸೇಜು ಮೂರು ನಾಲ್ಕು ತುಂಡಾಗಿ ಬಂದು ಅಷ್ಟೂ ಜಾಗ ಹಿಡಿಯುತ್ತದೆ. ಜೊತೆಗೆ ಸಾಲ ಬೇಕಾ, ಸೈಟು ಬೇಕಾ ಎನ್ನುವವರದು. ಕಳಿಸಿದವರ ಹೆಸರಿನ ಕೊನೆಗೆ ಇಂಗ್ಲಿಷಿನ 'ಪಿ' ಇದ್ದರೆ ಅದು ಜಾಹೀರಾತು, ಕಣ್ಣುಮುಚ್ಚಿ ಅಳಿಸು. 'ಜಿ' ಇದ್ದರೆ ಸರ್ಕಾರದ್ದು, ಓದಿ ಅಳಿಸು.

ಮಾಡಬೇಕಾದ್ದು ಇಷ್ಟೇ. ಮೆನು ಒತ್ತು, ಮೆಸೇಜಿಗೆ ಹೋಗು, ಇನ್‌ಬಾಕ್ಸ್ ತೆರೆದು ಎಡಗಡೆಯ ಆಪ್ಷನ್ ಒತ್ತು. ಅಲ್ಲಿ 'ಡಿಲೀಟ್ ಆಲ್' ಸಿಗುತ್ತದೆ. ಫೋನು, ಸಿಮ್ಮು ಅಂತ ಎರಡು ಕಡೆ ತೋರಿಸಿದರೆ ಎರಡನ್ನೂ ಖಾಲಿ ಮಾಡು. ದೊಡ್ಡಪ್ಪ ಕಳಿಸಿದ್ದು ಏನಾದರೂ ಅದರಲ್ಲಿ ಉಳಿದಿದ್ದರೆ ಎಲ್ಲ ಒಟ್ಟಿಗೆ ಅಳಿಸಬೇಡ, ಒಂದೊಂದಾಗಿ ನೋಡಿಕೊಂಡು ಅಳಿಸು. ಅವಸರವೇನಿಲ್ಲ. ಆಮೇಲೆ ಫೋನು ಆಫ್ ಮಾಡಿ ಆನ್ ಮಾಡು. ಫೋನಿನಲ್ಲಿ ಜಾಗವಿಲ್ಲದಾಗ ಮೆಸೇಜು ತಕ್ಷಣ ಕಳೆದುಹೋಗುವುದಿಲ್ಲ, ಸ್ವಲ್ಪ ಕಾಲ ಸಿಮ್ಮಿನ ಕಂಪನಿಯ ಕಂಪ್ಯೂಟರಿನಲ್ಲಿ ಕಾದಿರುತ್ತದೆ. ಹಾಗಾಗಿ ಒಮ್ಮೆಲೇ ಟಿಣಿಂಟಿಣಿಂ ಅಂತ ಬಂದರೆ ಗಾಬರಿಯಾಗಬೇಡ. ಅದರಲ್ಲಿ ಹಳೇ ಒಟಿಪಿ ಇದ್ದರೆ ಅದು ಈಗ ಯಾವುದಕ್ಕೂ ಆಗುವುದಿಲ್ಲ. ಹೊಸದನ್ನಾಗಲಿ ಹಳೆಯದನ್ನಾಗಲಿ ಫೋನ್ ಮಾಡಿ ಕೇಳಿದವರಿಗೆ ಹೇಳಬೇಡ, ಬ್ಯಾಂಕಿನವರು ಅಂದರೂ ಸರಿ.

ಅಂಗಡಿಯ ಹುಡುಗ 'ಮೆಸೇಜ್ ಸೆಂಟರ್' ನಂಬರು ಬದಲಾಯಿಸಬೇಕು ಅಂದನಂತೆ. ಅದನ್ನು ಮುಟ್ಟಲು ಬಿಡಬೇಡ. ಆ ನಂಬರು ನಾವು ಕಳಿಸುವುದಕ್ಕೆ ಬೇಕಾದದ್ದು, ಬರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದೇ ನಂಬರಿಗೆ ಹೊಸ ಸಿಮ್ಮೂ ಈಗಲೇ ಬೇಡ. ಸಾಗರಕ್ಕೆ ಬಸ್ಸು ಹತ್ತಿ, ಆಧಾರ್ ಕೊಟ್ಟು, ಹೆಬ್ಬೆಟ್ಟು ಒತ್ತಿ ತಂದರೂ ಮೊದಲ 24 ಗಂಟೆ ಅದಕ್ಕೆ ಮೆಸೇಜು ಬರುವುದಿಲ್ಲ. ಬೇರೆಯವರ ಹೆಸರಲ್ಲಿ ನಕಲಿ ಸಿಮ್ಮು ಪಡೆದು ಖಾತೆ ಬರಿದು ಮಾಡುವ ಕಳ್ಳರಿಗಾಗಿ ಮಾಡಿದ ನಿಯಮ ಅದು. ಒಳ್ಳೆಯ ನಿಯಮವೇ. ಗೊತ್ತಿಲ್ಲದಿದ್ದರೆ ಹೊಸ ಸಿಮ್ಮೂ ಕೆಟ್ಟಿತು ಅಂತ ನೀನು ಮತ್ತೆ ಬಸ್ಸು ಹತ್ತುತ್ತೀಯ, ಅಷ್ಟೆ.

ಭಾನುವಾರ ಸಂಜೆ ಏಳಕ್ಕೆ ನಾನೊಂದು ಮೆಸೇಜು ಹಾಕುತ್ತೇನೆ. ಮಳೆಗೆ ಕರೆಂಟು ಹೋಗಿ ಟವರೂ ಮಲಗಿದ್ದರೆ ಸೋಮವಾರದವರೆಗೆ ಕಾಯಿ. ಆಗಲೂ ಬರದಿದ್ದರೆ ಸಿಮ್ಮು ತೆಗೆದು ಪಕ್ಕದ ಮನೆಯವರ ಫೋನಿಗೆ ಹಾಕಿಸಿ ನೋಡು. ಅಲ್ಲಿ ಬಂದರೆ ಫೋನಿನದೇ ತೊಂದರೆ, ಬೇರೆ ಫೋನು ನಾನು ತರುತ್ತೇನೆ. ಅಲ್ಲೂ ಬರದಿದ್ದರೆ ಸಾಗರಕ್ಕೆ ಇಬ್ಬರೂ ಹೋಗೋಣ, ನಾನು ರಜೆ ಹಾಕಿ ಬರುತ್ತೇನೆ.

ನಿನ್ನ
ಪುಟ್ಟಿ