ಒಂದು ಮದುವೆ, ಇಬ್ಬರು ಭಟ್ಟರು

ನಮ್ಮ ನೆಂಟರ ಮದುವೆಯೊಂದಕ್ಕೆ ಅಡುಗೆಗೆ ಇಬ್ಬರು ಭಟ್ಟರು ಬಂದಿದ್ದರು. ಹೆಣ್ಣಿನ ಕಡೆಯವರು ಒಬ್ಬರಿಗೆ ವೀಳ್ಯ ಕೊಟ್ಟಿದ್ದರು, ಗಂಡಿನ ಕಡೆಯವರು ಯಾರಿಗೂ ಹೇಳದೆ ಇನ್ನೊಬ್ಬರನ್ನು ಕರೆತಂದಿದ್ದರು. ಇಬ್ಬರದೂ ಒಳ್ಳೆಯ ಕೈ. ಸಾರಿಗೆ ಇಬ್ಬರೂ ಉಪ್ಪು ಹಾಕಿದರು. ಆ ಸಾರಿನ ರುಚಿ ನನ್ನ ನಾಲಗೆಗೆ ಮರಳಿ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನ ಒಂದು ಆಫೀಸಿನಲ್ಲಿ, ರಾತ್ರಿ ಹನ್ನೊಂದರ ಹೊತ್ತಿಗೆ ಡೇಟಾಬೇಸ್ ಬಾಗಿಲು ಹಾಕಿಕೊಂಡಾಗ.

ನಾನು ಜಾವಾ ಬರೆದು ಅನ್ನ ತಿನ್ನುವವನು. ಅದರಲ್ಲೂ ನನಗೆ ರುಚಿ ಹತ್ತಿದ್ದು ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಕೆಲಸ. ಹೆಸರು ಕೇಳಿದರೆ ಸೂಜಿ ಚುಚ್ಚಿದಂತಾಗುತ್ತದೆ, ವಿಷಯ ಮಾತ್ರ ಊಟದ ಪಂಕ್ತಿಯಷ್ಟು ಸಲೀಸು. ಎಲೆಯ ಮುಂದೆ ಕೂತವನು ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತಡಕಾಡುವುದಿಲ್ಲ. ಬೇಕಾದ್ದು ಎಲೆಗೇ ಬರುತ್ತದೆ. ಕ್ಲಾಸ್ ಕೂಡ ಹಾಗೆಯೇ, ತನಗೆ ಏನೇನು ಬೇಕೆಂದು ಕನ್‌ಸ್ಟ್ರಕ್ಟರಿನಲ್ಲಿ ಹೇಳಿ ಸುಮ್ಮನೆ ಕೂರುತ್ತದೆ. ಬಡಿಸುವವನು ಕಂಟೇನರ್.

ಈ ಹೆಸರು ಚಲಾವಣೆಗೆ ಬಂದದ್ದು 2004ರ ಜನವರಿಯಲ್ಲಿ, ಮಾರ್ಟಿನ್ ಫೌಲರ್ ಬರೆದ ಒಂದು ಲೇಖನದಿಂದ. ಅದೇ ವರ್ಷ ರಾಡ್ ಜಾನ್ಸನ್ ಬಳಗದ ಸ್ಪ್ರಿಂಗ್ ಎಂಬ ಕಂಟೇನರಿನ 1.0 ಬಂತು. 2007ರಲ್ಲಿ ಗೂಗಲ್‌ನಿಂದ ಬಾಬ್ ಲೀ ಅವರ ಕೈಯಡುಗೆಯ ಇನ್ನೊಂದು ಕಂಟೇನರ್ ಹೊರಬಿತ್ತು. ಅದರ ಹೆಸರು ಶುರುವಾಗುವುದು 'ಜಿ' ಅಕ್ಷರದಿಂದ, ಬಾಯಲ್ಲಿ ಮಾತ್ರ ಅದು ಜ್ಯೂಸ್. 2009ರಲ್ಲಿ ಜಾನ್ಸನ್, ಲೀ ಇಬ್ಬರೂ ಕೂತು ಜೆಎಸ್ಆರ್-330 ಎಂಬ ಒಪ್ಪಂದ ತಂದರು. 'ಇಂಜೆಕ್ಟ್', 'ಸಿಂಗಲ್ಟನ್' ಎಂಬ ಗುರುತುಗಳು ಎರಡು ಮನೆಗೂ ಒಂದೇ ಆದವು. ಮಾತು ಒಂದಾಯಿತು, ಪದ್ಧತಿ ಒಂದಾಗಲಿಲ್ಲ.

ನಮ್ಮ ಅಪ್ಲಿಕೇಶನ್ ಸ್ಪ್ರಿಂಗ್‌ನದು. ವರದಿ ತಯಾರಿಸುವ ಒಂದು ಮಾಡ್ಯೂಲ್ ಬೇರೆ ತಂಡದಿಂದ ಬಂತು, ಅದರ ಮೈಯೆಲ್ಲ ಜ್ಯೂಸ್. ಕೂಡಿಸುವ ಕೆಲಸ ನನಗೆ ಬಿತ್ತು. ಡೇಟಾಬೇಸ್ ಸಂಪರ್ಕಗಳ ಪೂಲ್ ಕಟ್ಟಿಕೊಡುವ ನಾಲ್ಕು ಸಾಲು ಜ್ಯೂಸ್ ಕಡೆಗೂ ಬರೆದೆ. ಹಿಕಾರಿ ಪೂಲ್, ನಾವೇನೂ ಹೇಳದಿದ್ದರೆ ಒಂದಕ್ಕೆ 10 ಸಂಪರ್ಕ. ಸ್ಪ್ರಿಂಗ್‌ನಲ್ಲಿ ಪಳಗಿದ ಕೈ ನನ್ನದು. ಅಲ್ಲಿ ಏನೂ ಹೇಳದಿದ್ದರೆ ವಸ್ತು ಒಂದೇ, ಎಲ್ಲರಿಗೂ ಅದನ್ನೇ ಬಡಿಸುತ್ತಾರೆ. ಜ್ಯೂಸ್‌ನಲ್ಲಿ ಏನೂ ಹೇಳದಿದ್ದರೆ ಕೇಳಿದವರಿಗೆಲ್ಲ ಹೊಸದು! 'ಸಿಂಗಲ್ಟನ್' ಎಂಬ ಒಂದು ಪದ ಬರೆಯಬೇಕಿತ್ತು, ಬರೆಯಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಎರಡು ವರದಿ ತೆಗೆದು ನೋಡಿದ್ದೆ, ಚೆಂದವಾಗಿ ಬಂದಿದ್ದವು. ರಾತ್ರಿ ಮಾಡ್ಯೂಲಿನ ಹತ್ತು ವರದಿಗಳೂ ಒಟ್ಟಿಗೆ ಎದ್ದವು. ತಲಾ ಒಂದು ಪೂಲ್, ಅಂದರೆ 100 ಸಂಪರ್ಕ, ಸ್ಪ್ರಿಂಗ್ ಕಡೆಯ 10 ಬೇರೆ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್, ಅದು ತಾನಾಗಿ ಒಳಬಿಡುವುದೇ ನೂರು ಜನರನ್ನು. ಸಾರು ಉಪ್ಪಾಯಿತು.

ನಿಜವಾದ ಸುಖ ಶುರುವಾದದ್ದು ಆಮೇಲೆ. ಸ್ಪ್ರಿಂಗ್, ಜ್ಯೂಸ್ ಎಂಬ ಎರಡು ಒಲೆಗಳ ನಡುವೆ ಒಂದು ಸಣ್ಣ ಸೇತುವೆ ಕಟ್ಟುವುದಿದೆಯಲ್ಲ, ಮರಗೆಲಸದವನು ಎರಡು ಜಾತಿಯ ಹಲಗೆಗೆ ಜೋಡಣೆಯ ಹಲ್ಲು ಕೊರೆದಂತೆ ಅದು. ಮೊದಲು ಒಂದೊಂದು ವಸ್ತುವಿಗೂ ಯಜಮಾನ ಯಾರೆಂದು ಕಾಗದದ ಮೇಲೆ ಬರೆದೆ. ಪೂಲ್ ಸ್ಪ್ರಿಂಗ್‌ನದು, ಜ್ಯೂಸ್ ಅದನ್ನು ಕಟ್ಟುವ ಹಾಗಿಲ್ಲ, ಕಡ ತಂದುಕೊಳ್ಳಬೇಕು. ವರದಿಗಳು ಜ್ಯೂಸ್‌ನವು; ಸ್ಪ್ರಿಂಗ್ ಕೇಳಿ ಪಡೆಯಬೇಕು. ಆಗ ಹೊಸ ತಂಟೆ ಎದ್ದಿತು. ಸ್ಪ್ರಿಂಗ್ ಏಳಲು ಜ್ಯೂಸ್ ಎದ್ದಿರಬೇಕು, ಜ್ಯೂಸ್ ಏಳಲು ಸ್ಪ್ರಿಂಗ್. ಇದಕ್ಕೆ ಮದ್ದು ಆ ಜೆಎಸ್ಆರ್-330 ಒಪ್ಪಂದದಲ್ಲೇ ಇದೆ, 'ಪ್ರೊವೈಡರ್' ಎಂಬ ಒಂದೇ ಮೆಥಡಿನ ಇಂಟರ್‌ಫೇಸ್. ವಸ್ತುವಿನ ಬದಲು ಊಟದ ಚೀಟಿ ಕೊಟ್ಟ ಹಾಗೆ. ಚೀಟಿ ಜೇಬಿನಲ್ಲಿರಲಿ, ಹಸಿವಾದಾಗ ತೋರಿಸಿದರೆ ಆಯಿತು. ಅಷ್ಟು ಹೊತ್ತಿಗೆ ಎರಡು ಒಲೆಯೂ ಹತ್ತಿರುತ್ತವೆ. ಇಷ್ಟು ಪುಟ್ಟ ಇಂಟರ್‌ಫೇಸ್ ಇಷ್ಟು ದೊಡ್ಡ ಜಗಳ ಬಿಡಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಾತ್ರೆ ತೊಳೆಯುವ ಸರದಿಯೂ ಇದೆ. ಅಪ್ಲಿಕೇಶನ್ ನಿಂತು ಸ್ಪ್ರಿಂಗ್ ಮನೆಗೆ ಹೊರಡುವಾಗ, ಬೀನ್ ಎನ್ನುವ ತನ್ನ ವಸ್ತುಗಳಲ್ಲಿ 'ಕ್ಲೋಸ್' ಎಂಬ ಮೆಥಡ್ ಕಂಡರೆ ಹೇಳದೆಯೇ ಕರೆದು ಮುಚ್ಚುತ್ತದೆ. ಜ್ಯೂಸ್‌ಗೆ ಆ ಪಾಠವೇ ಇಲ್ಲ. ಹೀಗಾಗಿ ಜ್ಯೂಸ್‌ನಿಂದ ಕಡ ತಂದ ವಸ್ತುವನ್ನು ಸ್ಪ್ರಿಂಗ್ ತನ್ನದೆಂದೇ ತಿಳಿದು ಮುಚ್ಚಿಬಿಡಬಹುದು. ಅಲ್ಲಿ ಅದರ ಕೈ ಕಟ್ಟಬೇಕು.

ಇಂಥ ಸೇತುವೆ ಸಿದ್ಧವಾಗಿಯೂ ಸಿಗುತ್ತದೆ, ಸ್ಪ್ರಿಂಗ್-ಜ್ಯೂಸ್ ಎಂಬ ಪ್ರಾಜೆಕ್ಟ್ ಸ್ಪ್ರಿಂಗ್‌ನವರದ್ದೇ ಇದೆ. ಆತುರವಿದ್ದವರು ಅದನ್ನು ಬಳಸಲಿ. ನನಗೆ ಕೈಯಾರೆ ಮಾಡುವ ಚಪಲ. ಒಂದು ಮನೆಗೆ ಎರಡು ಒಲೆ ಯಾಕೆ, ಎಲ್ಲವನ್ನೂ ಸ್ಪ್ರಿಂಗ್‌ಗೆ ತಿರುಗಿಸಿ ಬರೆಯಿರಿ ಎಂದು ಜೊತೆಯವರು ಅಂದರು. ಅವರ ಮಾತು ಸರಿಯೇ. ನಾನು ಮಾತ್ರ ಒಂದು ವಾರ ಆ ಸೇತುವೆಯ ಸಾಲುಗಳನ್ನು ಅಳಿಸಿ ಬರೆದು, ಅಳಿಸಿ ಬರೆದು, ಕೊನೆಗೆ ಒಂದೇ ಪರದೆಯಲ್ಲಿ ಹಿಡಿಸುವ ಹಾಗೆ ಮಾಡಿದೆ.

ಎರಡು ವರ್ಷ ಅದು ತಕರಾರಿಲ್ಲದೆ ನಡೆಯಿತು. ಆಮೇಲೆ ವರದಿಯ ಮಾಡ್ಯೂಲನ್ನು ಸ್ಪ್ರಿಂಗ್‌ಗೆ ತಿರುಗಿಸಿ ಬರೆದೆವು. ಆ ಸೇತುವೆಯ ಫೈಲನ್ನು ಅಳಿಸಿದವನೂ ನಾನೇ.