ನಿಂತಲ್ಲೇ ನಡುಗುವ ಲಾರಿ

ಓಡುವ ಲಾರಿ ನಡುಗಿದರೆ ದೂರುವುದಕ್ಕೆ ರಸ್ತೆಯುಂಟು, ರಸ್ತೆ ಮಾಡಿಸಿದವರುಂಟು, ಮೈಮೇಲೆ ದೇವರು ಬಂದವನಂತೆ ಓಡಿಸುವ ಡ್ರೈವರನೂ ಉಂಟು. ಆದರೆ ಲಾರಿ ನಿಂತಲ್ಲೇ ನಿಂತು, ಚಳಿಜ್ವರ ಹಿಡಿದವರಂತೆ ನಡುಗತೊಡಗಿದರೆ ಯಾರನ್ನು ದೂರೋಣ? ಆಗ ಲಾರಿಯನ್ನೇ ಕೇಳಬೇಕು. ಕೇಳುವುದೆಂದರೆ ಪ್ರಶ್ನಿಸುವುದೂ ಹೌದು, ಕಿವಿಗೊಡುವುದೂ ಹೌದು. ಕನ್ನಡವು ಈ ಎರಡಕ್ಕೂ ಒಂದೇ ಮಾತನ್ನು ಇಟ್ಟುಕೊಂಡಿರುವುದು ಎಂಥ ಜಾಣತನವೆಂದು ನನಗೆ ಮನವರಿಕೆಯಾದದ್ದು, ಬಬಲೇಶ್ವರದ ಒಬ್ಬ ಮಿಸ್ತ್ರಿಯ ಅಂಗಳದಲ್ಲಿ.

ಲಾರಿ ನನ್ನದಲ್ಲ. ವಿಜಯಪುರದಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನಿಗೆ ಸೈಕಲ್ಲೇ ಐಶ್ವರ್ಯ. ಲಾರಿ ಟಿಕೋಟಾದಲ್ಲಿರುವ ನನ್ನ ತಂಗಿಯ ಮಗನದು. ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಗಾಡಿ. ೨೦೧೪ರ ನವೆಂಬರಿನಲ್ಲಿ ನಮ್ಮ ಬಿಜಾಪುರ ವಿಜಯಪುರವಾಯಿತಷ್ಟೆ. ಆ ಸುದ್ದಿ ಲಾರಿಯ ಬೆನ್ನಿಗೆ ಇನ್ನೂ ಮುಟ್ಟಿಲ್ಲ, ಅಲ್ಲಿ ಬಿಜಾಪುರವೆಂದೇ ಬಣ್ಣದಲ್ಲಿ ಬರೆದಿದೆ. ವರುಷದ ಉಳಿದ ಕಾಲದಲ್ಲಿ ಅದು ಕಲ್ಲು, ಮಣ್ಣು, ಗೊಬ್ಬರ ಹೊರುತ್ತದೆ. ಆದರೆ ಅದರ ಅನ್ನವಿರುವುದು ದ್ರಾಕ್ಷಿಯ ಸುಗ್ಗಿಯಲ್ಲಿ. ಟಿಕೋಟಾ, ಬಬಲೇಶ್ವರಗಳ ಸುತ್ತ ಕೊಯ್ದ ಹಣ್ಣು ಶೆಡ್ಡಿನ ನೆರಳಲ್ಲಿ ಬಲೆಗಳ ಮೇಲೆ ಎರಡು ವಾರ ಒಣಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಅದನ್ನು ವಿಜಯಪುರದ ಮಾರುಕಟ್ಟೆಗೋ, ಗಡಿಯಾಚೆಯ ತಾಸಗಾಂವಕ್ಕೋ ಮುಟ್ಟಿಸುವ ಬಾಡಿಗೆಯೇ ಹುಡುಗನ ಗಳಿಕೆ. ಇಂಥ ಸುಗ್ಗಿಯ ನಡುವೆ ಲಾರಿಗೆ ನಡುಕ ಹಿಡಿಯಿತು.

“ಮಾಮಾ, ಸ್ಟಿಯರಿಂಗ್ ಹಿಡದ್ರ ಕೈ ಜುಮ್ ಅಂತಾವ್ರಿ. ಕನ್ನಡಿಯೊಳಗ ಹಿಂದಿನ ಗಾಡಿ ಒಂದಿದ್ದದ್ದು ಎರಡಾಗಿ ಕಾಣತೈತ್ರಿ,” ಎಂದ. ಊರೊಳಗಿನ ಒಂದು ಗ್ಯಾರೇಜಿನಲ್ಲಿ, ಇಂಜಿನ್ನನ್ನು ಚಾಲೂ ಸಹ ಮಾಡದೆ, “ಇಳಿಸಿ ಪೂರ್ತಿ ಕಟ್ಟಬೇಕು” ಎಂದಿದ್ದರು. ಅಂದರೆ ಸುಗ್ಗಿ ಮುಗಿಯುವವರೆಗೆ ಲಾರಿ ಇಟ್ಟಿಗೆಗಳ ಮೇಲೆ. ಹುಡುಗನಿಗೆ ತಿಳಿಯದಂತೆ ನನ್ನ ತಂಗಿ ತನ್ನ ಪಾಟ್ಲಿಗಳನ್ನು ಸರಾಫನ ಬಳಿ ತೂಗಿಸಿಕೊಂಡು ಬಂದಿದ್ದಳು. ಅವು ನಮ್ಮ ಅವ್ವನ ಪಾಟ್ಲಿಗಳು. ಅವು ಹೋಗುವ ಮೊದಲು ಇನ್ನೊಬ್ಬರಿಗೆ ತೋರಿಸೋಣವೆಂದು ನಾನೂ ಹುಡುಗನೂ ಬಬಲೇಶ್ವರದ ಹಾದಿ ಹಿಡಿದೆವು.

ಮಿಸ್ತ್ರಿ ಅರವತ್ತು ದಾಟಿದವರು. ಲಾರಿಯನ್ನು ಅಂಗಳಕ್ಕೆ ತಂದು ನ್ಯೂಟ್ರಲಿನಲ್ಲಿ ಬಿಟ್ಟೆವು. ಅವರು ಪಾನಾ ಹಿಡಿಯಲಿಲ್ಲ. ಒಂದು ಬೀಡಿ ಹೊತ್ತಿಸಿ, ಕಣ್ಣುಮುಚ್ಚಿ ಕುಳಿತರು. ನಾನು ಎಷ್ಟೋ ವರುಷ ಶಾಲೆಯ ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದೊಯ್ದವನು. ಈಚೆ ಪಿಸುಗುಟ್ಟಿದರೆ ಆಚೆಯ ಗೋಡೆಗೆ ಕೇಳುತ್ತದೆಂದು ಪಾಠ ಹೇಳಿದವನು. ಅಲ್ಲಿ ಕೂಗಿದವರನ್ನು ಸಾವಿರ ಕಂಡಿದ್ದೇನೆ. ಹೀಗೆ ಕಿವಿಗೊಟ್ಟು ಕುಳಿತವರನ್ನು ಮಾತ್ರ ಕಂಡಿರಲಿಲ್ಲ.

“ಗಾಡಿ ನಿಂತೈತಿ, ಚಕ್ರ ಶಾಫ್ಟು ತಿರಗಾಕತ್ತಿಲ್ಲ. ಅವು ಪಾರಾದ್ವು,” ಎಂದರು. ಆಮೇಲೆ ಹಿಂದೆ ಹೋಗಿ ಹೊಗೆಯನ್ನು ನೋಡಿದರು. ಬೆಳ್ಳಗಿನ ಹೊಗೆ; ಕಣ್ಣು ಉರಿಸುವ ವಾಸನೆ. “ಎಲ್ಲೋ ಒಂದ ಕಡೆ ಡೀಸೆಲ್ ಸುಡದ ಹಂಗ ಹೊರಗ ಬರಾಕತ್ತೈತಿ, ಮಾಸ್ತರ್ರ.”

ಇಲ್ಲಿ ಓದುಗರಿಗೆ ಒಂದೆರಡು ಮಾತು ಹೇಳಬೇಕು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರ್ ೧೮೯೭ರಲ್ಲಿ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಈ ಯಂತ್ರದಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಒತ್ತಿ ಒತ್ತಿಯೇ ಕಾಯಿಸಿ, ಆ ಕಾವಿಗೆ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ಕೆಲಸ ಇಂಜೆಕ್ಟರಿನದು. ನಿಂತ ಲಾರಿಯ ಇಂಜಿನ್ ನಿಮಿಷಕ್ಕೆ ೭೦೦ ಸುತ್ತು ತಿರುಗುತ್ತದೆನ್ನೋಣ. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿನ ಸರದಿ. ನಾಲ್ಕೂ ದುಡಿದರೆ ಸೆಕೆಂಡಿಗೆ ೨೩ ಪೆಟ್ಟು. ಬೇರೆ ಬೇರೆಯಾಗಿ ಎಣಿಸಲಾಗದಷ್ಟು ಒತ್ತೊತ್ತಾಗಿ ಬಿದ್ದು ಒಂದೇ ಗುಂಯ್‌ಗುಡುವಿಕೆಯಾಗುತ್ತವೆ. ಒಂದು ಸಿಲಿಂಡರು ಕೈಬಿಟ್ಟಿತೋ, ಸೆಕೆಂಡಿಗೆ ಆರು ಸಲ ಒಂದೊಂದು ಪೆಟ್ಟು ತಪ್ಪುತ್ತದೆ. ತಬಲದ ಠೇಕಾದಲ್ಲಿ ಪ್ರತಿ ಆವರ್ತಕ್ಕೂ ಅದೇ ಪೆಟ್ಟು ಬೀಳದೆ ಹೋದಂತೆ. ಕೈಗೆ ಜುಮ್ಮೆನ್ನುವುದು ಆ ತಪ್ಪಿದ ಪೆಟ್ಟು.

ಮಿಸ್ತ್ರಿ ಮೊದಲು ಅಗ್ಗದ ತಪ್ಪುಗಳನ್ನು ವಿಚಾರಿಸಿದರು. ಡೀಸೆಲ್ ಫಿಲ್ಟರ್ ಬದಲಿಸಿದರು. ಕೈಪಂಪು ಒತ್ತಿ, ಗುಳ್ಳೆಗಳು ನಿಲ್ಲುವವರೆಗೆ ಕೊಳವೆಯೊಳಗಿನ ಗಾಳಿ ತೆಗೆದರು. ನಡುಕ ಹೋಗಲಿಲ್ಲ. ಆಮೇಲೆ, ಇಂಜಿನ್ ಚಾಲೂ ಇರುವಾಗಲೇ, ಮೊದಲನೆಯ ಇಂಜೆಕ್ಟರಿನ ಕೊಳವೆಯ ನಟ್ಟಿನ ಮೇಲೆ ಬಟ್ಟೆ ಹೊದಿಸಿ ಅದನ್ನು ಸ್ವಲ್ಪ ಸಡಿಲಿಸಿದರು. ಇಂಜಿನ್ ಕುಗ್ಗಿ ಮುಗ್ಗರಿಸಿತು. ಬಿಗಿದರು, ಚೇತರಿಸಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಸಡಿಲಿಸಿದಾಗ ಏನೂ ಆಗಲಿಲ್ಲ. ಇದ್ದ ನಡುಕ ಇದ್ದಷ್ಟೇ.

“ಇಂವನ ನೋಡ್ರಿ. ಉಣ್ಣಾಕ ಅದಾನ, ದುಡಿಯಾಕ ಇಲ್ಲ,” ಎಂದು ಮಿಸ್ತ್ರಿ ನಕ್ಕರು. ಯಾವನನ್ನು ಸುಮ್ಮನಿರಿಸಿದರೂ ಮನೆಗೆ ವ್ಯತ್ಯಾಸವಾಗದೋ ಅವನೇ ದುಡಿಯದವನು! ಈ ಪರೀಕ್ಷೆಯನ್ನು ನಮ್ಮ ಕಚೇರಿಗಳಲ್ಲಿ ನಡೆಸಿದರೆ ಎಷ್ಟು ನಟ್ಟು ಸಡಿಲಿಸಿದರೂ ಸದ್ದು ಬದಲಾಗದೆ ಹೋದೀತೆಂಬ ಭಯ ನನಗಾಯಿತು. ಆದರೆ ಓದುಗರು ತಮ್ಮ ಹೊಸ ಕಾರಿನ ಮೇಲೆ ಇದನ್ನು ಪ್ರಯೋಗಿಸಬಾರದು. ಈಗಿನ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಎಣ್ಣೆಯ ಒತ್ತಡ ವಾತಾವರಣದ ಒತ್ತಡದ ಸಾವಿರ ಪಟ್ಟನ್ನೂ ಮೀರಬಲ್ಲದು. ಚಿಮ್ಮಿದ ಎಳೆ ಚರ್ಮವನ್ನು ತೂರಿ ಒಳಹೋಗುತ್ತದೆ. ಹಳೆಯ ಪಂಪಿನ ಎದುರಿನಲ್ಲೂ ಮಿಸ್ತ್ರಿ ಬರಿಗೈ ಒಡ್ಡಲಿಲ್ಲ.

ಆದರೆ ನಿಜವಾದ ಪ್ರಶ್ನೆ ಇನ್ನೂ ಹಾಗೆಯೇ ಇತ್ತು. ಮೂರನೆಯದು ದುಡಿಯದಿರುವುದು ಇಂಜೆಕ್ಟರಿನ ತಪ್ಪೋ, ಸಿಲಿಂಡರಿನದೇ ತಪ್ಪೋ? ವಾಲ್ವು ಸುಟ್ಟಿದ್ದರೆ, ರಿಂಗು ಸವೆದಿದ್ದರೆ, ಒತ್ತಡ ನಿಲ್ಲುವುದಿಲ್ಲ. ಆಗ ಗ್ಯಾರೇಜಿನವರ ಮಾತೇ ನಿಜ. ಮಿಸ್ತ್ರಿ ಇಂಜಿನ್ ನಿಲ್ಲಿಸಿ, ಮೂರನೆಯದರ ಇಂಜೆಕ್ಟರನ್ನು ಬಿಚ್ಚಿ ಒಂದನೆಯದಕ್ಕೂ, ಒಂದನೆಯದನ್ನು ಮೂರನೆಯದಕ್ಕೂ ಹಾಕಿದರು. “ತಪ್ಪು ಅಲ್ಲೇ ಕುಂತರ ಇಂಜಿನ್ ಬಿಚ್ಚಬೇಕು ತಮ್ಮಾ; ಇದರ ಜೊತಿ ಎದ್ದು ಬಂದರ ನೀ ಬಚಾವು.” ಹುಡುಗ ಕೀಲಿ ತಿರುಗಿಸಿದ. ಅವನ ಮುಖ ನೋಡಲಾರದೆ ನಾನು ಅಂಗಳದ ಬೇವಿನ ಮರವನ್ನು ನೋಡಿದೆ. ಮಿಸ್ತ್ರಿ ಮೂರನೆಯ ನಟ್ಟನ್ನು ಸಡಿಲಿಸಿದರು, ಇಂಜಿನ್ ಮುಗ್ಗರಿಸಿತು. ಮುಗ್ಗರಿಸುವ ಸದ್ದು ಅಷ್ಟು ಇಂಪಾಗಿ ಕೇಳಿದ್ದು ನನಗೆ ಅದೇ ಮೊದಲು. ಒಂದನೆಯದನ್ನು ಸಡಿಲಿಸಿದರು, ಏನೂ ಆಗಲಿಲ್ಲ. ತಪ್ಪು ಎದ್ದು ಬಂದಿತ್ತು.

ವಿಜಯಪುರದ ಒಂದು ನೋಝಲ್ ಅಂಗಡಿಯಲ್ಲಿ ಕೈಯಂತ್ರಕ್ಕೆ ಕಟ್ಟಿ ಒತ್ತಿದಾಗ ಆ ಇಂಜೆಕ್ಟರ್ ಮಂಜು ಚೆಲ್ಲುವ ಬದಲು, ನೆಗಡಿಯಾದ ಮೂಗಿನಂತೆ ತೊಟ್ಟಿಕ್ಕಿತು. ಹೊಸ ನೋಝಲ್ ಹಾಕಿದ್ದಾಯಿತು. ನಾಲ್ಕೂ ಸರಿಯಾಗಿ ದುಡಿದರೂ ಸೀಟಿನಲ್ಲಿ ಸಣ್ಣ ನಡುಕ ಉಳಿದಿತ್ತು. ಮಿಸ್ತ್ರಿ ಕೆಳಗೆ ಬಗ್ಗಿ, ಇಂಜಿನ್ ಕುಳಿತ ರಬ್ಬರುಗಳನ್ನು ತೋರಿಸಿದರು: ಎರಡು ಚಪ್ಪಟೆಯಾಗಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ದೊಡ್ಡ ನಡುಕದ ನೆರಳಲ್ಲಿ ಸಣ್ಣದು ಅಡಗಿ ಕುಳಿತಿತ್ತು. ರಬ್ಬರು ಬದಲಾದ ಮೇಲೆ ಕನ್ನಡಿಯೊಳಗಿನ ಗಾಡಿ ಒಂದೇ ಆಯಿತು.

ಮರುದಿನ ಲಾರಿ ಒಣದ್ರಾಕ್ಷಿ ಹೇರಿಕೊಂಡು ತಾಸಗಾಂವಕ್ಕೆ ಹೋಯಿತು. ಪಾಟ್ಲಿಗಳು ತಂಗಿಯ ಕೈಯಲ್ಲೇ ಉಳಿದವು. ಮಿಸ್ತ್ರಿ ಬರೆದುಕೊಟ್ಟ ಚೀಟಿಯಲ್ಲಿ ಫಿಲ್ಟರ್ ಒಂದು, ನೋಝಲ್ ಒಂದು, ರಬ್ಬರು ಎರಡು, ಬಿಚ್ಚಿ ಹಾಕಿದ ಕೂಲಿ, ಇಷ್ಟೇ ಇದ್ದವು. ಅವರು ಕಣ್ಣುಮುಚ್ಚಿ ಕುಳಿತ ಹೊತ್ತಿಗೆ ಏನೂ ಬರೆದಿರಲಿಲ್ಲ. ಕೇಳಿದರೆ, “ಕೇಳಿದ್ದಕ್ಕ ಎಂಥಾ ರೊಕ್ಕಾರಿ, ಮಾಸ್ತರ್ರ!” ಎಂದರು. ಬಿಚ್ಚಿದ್ದಕ್ಕೆ ಕೂಲಿ ಉಂಟು, ಕೇಳಿದ್ದಕ್ಕೆ ಇಲ್ಲ. ಹೀಗಿರುವಾಗ ನಾಡಿನಲ್ಲಿ ಬಿಚ್ಚುವವರೇ ಹೆಚ್ಚಾದರೆ ಅವರನ್ನಷ್ಟೇ ದೂರಿ ಏನು ಫಲ?