ತ್ರಿನಿಲ್ಲಿನ ಕಪಾಲ

ಮಾನವನ ಪೂರ್ವಿಕರ ಅಸ್ಥಿಗಳನ್ನು ಅರಸುವುದಕ್ಕಾಗಿಯೇ ಸ್ವದೇಶವನ್ನು ಬಿಟ್ಟು ಹೊರಟವರಲ್ಲಿ ಯೂಜೀನ್ ಡ್ಯುಬ್ವಾ ಮೊದಲಿಗನೆನ್ನಬಹುದು. 1858ರಲ್ಲಿ ಹಾಲೆಂಡಿನಲ್ಲಿ ಜನಿಸಿದ ಈತನು ಆಂಸ್ಟರ್ಡಾಮಿನಲ್ಲಿ ಶಾರೀರಶಾಸ್ತ್ರದ ಅಧ್ಯಾಪಕನಾಗಿದ್ದನು. ನಿರ್ಲಾಂಗೂಲ ವಾನರರು ಉಷ್ಣದೇಶಗಳಲ್ಲಿಯೇ ವಾಸಿಸುವುದರಿಂದ ಮಾನವನ ಮೂಲವೂ ಅಲ್ಲಿಯೇ ದೊರೆಯಬೇಕೆಂಬುದು ಆತನ ತರ್ಕ. ಈ ತರ್ಕವೊಂದನ್ನೇ ನಂಬಿ, ಸ್ಥಿರವಾದ ಉದ್ಯೋಗವನ್ನು ತೊರೆದು, 1887ರಲ್ಲಿ ಸೇನಾವೈದ್ಯನಾಗಿ ಹೆಂಡತಿ ಕೂಸುಗಳೊಡನೆ ಡಚ್ಚರ ಅಧೀನದಲ್ಲಿದ್ದ ಸುಮಾತ್ರಾ ದ್ವೀಪಕ್ಕೆ ತೆರಳಿದನು. ಸಾಹಸವೆಂದರೆ ಸಾಹಸ, ಹುಚ್ಚೆಂದರೆ ಹುಚ್ಚು!

ಸುಮಾತ್ರದ ಗುಹೆಗಳಲ್ಲಿ ಬಯಸಿದುದು ಸಿಕ್ಕಲಿಲ್ಲ. ಬಳಿಕ ಜಾವಾದಲ್ಲಿ, ಸೋಲೋ ನದಿಯ ದಡದ ತ್ರಿನಿಲ್ ಎಂಬಲ್ಲಿ, ಸರಕಾರವು ಕೊಟ್ಟ ಕೈದಿಗಳು ನೆಲವನ್ನಗೆದರು. (ಕೀರ್ತಿಯಲ್ಲಿ ಅವರಿಗೆ ಪಾಲು ಬರಲಿಲ್ಲ.) 1891ರಲ್ಲಿ ಒಂದು ಹಲ್ಲೂ ಕಪಾಲದ ಮೇಲ್ಭಾಗವೂ, ಮರುವರ್ಷ ಒಂದು ತೊಡೆಯೆಲುಬೂ ದೊರೆತುವು. ಕಪಾಲವು ಮನುಷ್ಯನದಕ್ಕೆ ಕಿರಿದು, ವಾನರನದಕ್ಕೆ ಹಿರಿದು. ತೊಡೆಯೆಲುಬಾದರೋ ನಮ್ಮದರಂತೆಯೇ ನೆಟ್ಟಗಿತ್ತು. ಇವು ಒಂದೇ ಜೀವಿಯವೆಂದು ಬಗೆದು, ನೆಟ್ಟಗೆ ನಡೆಯುವ ವಾನರಮಾನವನೆಂಬ ಅರ್ಥದ 'ಪಿಥೆಕಾಂತ್ರೋಪಸ್ ಇರೆಕ್ಟಸ್' ಎಂಬ ಹೆಸರಿನಿಂದ 1894ರಲ್ಲಿ ಅದನ್ನು ಪ್ರಕಟಿಸಿದನು.

1895ರಲ್ಲಿ ಯೂರೋಪಿಗೆ ಮರಳಿದಾಗ ಪಂಡಿತರಲ್ಲಿ ಕೆಲವರು ಅದು ಬರಿಯ ವಾನರವೆಂದರು, ಕೆಲವರು ಮನುಷ್ಯನೇ ಎಂದರು, ಒಪ್ಪಿದವರು ಕೆಲವರೇ. ಮನನೊಂದ ಡ್ಯುಬ್ವಾ ಕೆಲವು ವರ್ಷಗಳ ವಾದದ ತರುವಾಯ ಅಸ್ಥಿಗಳನ್ನು ಬೀಗಮುದ್ರೆಯಲ್ಲಿರಿಸಿ, 1923ರವರೆಗೆ ಪರೀಕ್ಷೆಗೆ ಕೊಡಲಿಲ್ಲ. ಈ ಹಟವನ್ನು ವಿದ್ಯೆಗೆ ಎಸಗಿದ ಅಪಚಾರವೆನ್ನದೆ ವಿಧಿಯಿಲ್ಲ. ಮುಂದೆ ಚೀನಾದಲ್ಲಿಯೂ ಜಾವಾದಲ್ಲಿಯೂ ಅಂತಹವೇ ಕಪಾಲಗಳು ದೊರೆತಾಗ, ಅವು ತನ್ನ ಕಪಾಲದ ಬಂಧುಗಳೆಂದು ಆತನೇ ಒಪ್ಪದೆ 1940ರಲ್ಲಿ ತೀರಿಕೊಂಡನು. ಈಗ ಅವೆಲ್ಲವನ್ನೂ 'ಹೋಮೋ ಇರೆಕ್ಟಸ್' ಎಂಬ ಒಂದೇ ಪ್ರಭೇದದಲ್ಲಿ ಸೇರಿಸಿದ್ದಾರೆ. 'ಇರೆಕ್ಟಸ್' ಎಂಬ ಹೆಸರಿಗೆ ಕಾರಣವಾದ ಆ ತೊಡೆಯೆಲುಬು ಮಾತ್ರ ಬಹುಕಾಲದ ಮೇಲೆ ಬಾಳಿದ ನಮ್ಮಂತಹ ಮನುಷ್ಯನದೇ ಇರಬೇಕೆಂದು ಅನೇಕ ವಿದ್ವಾಂಸರ ಮತ.